ಸಂಪಾತಿಯ ಕಥೆ ಯಾರು ಬರೀತಾರೆ?

ಚಿಕ್ಕಮ್ಮನ ಎಡಗೈಗೆ ಈಗ ಬಳೆ ಹತ್ತುವುದಿಲ್ಲ. ಎರಡು ವರ್ಷದ ಹಿಂದೆ ಎಡಗಡೆಯ ಸ್ತನದ ಜೊತೆ ಕಂಕುಳಿನ ಗಂಟುಗಳನ್ನೂ ತೆಗೆದರು. ಏಳೆಂಟು ತಿಂಗಳು ಕಳೆದಮೇಲೆ ಕೈ ಊದೋಕೆ ಶುರುವಾಯಿತು. ಮೊದಲು ಉಂಗುರ ಬಿಗಿಯಾಯಿತು, ಆಮೇಲೆ ರವಿಕೆಯ ತೋಳು, ಕೊನೆಗೆ ಬಳೆ. ಹಸಿರು ಗಾಜಿನ ಬಳೆಗಳನ್ನು ಸೋಪು ಹಚ್ಚಿ ತೆಗೆಯೋಕೆ ನೋಡಿದೆವು, ಆಗಲಿಲ್ಲ. ಒಡೆದೇ ತೆಗೆಯಬೇಕಾಯಿತು. ಮುತ್ತೈದೆಯ ಕೈಬಳೆ ಒಡೆಯೋದು ಅಂದ್ರೆ ನಮ್ಮ ಕಡೆ ಏನರ್ಥ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಪ್ಪ ಅಷ್ಟು ಹೊತ್ತು ಎದ್ದು ಬೀದಿಗೆ ಹೋಗಿ ನಿಂತಿದ್ದರು.

ಇದೊಂದು ವಿಮರ್ಶೆ. ನಾನು ಇಲ್ಲಿ ಪುಸ್ತಕಗಳ ಬಗ್ಗೆ ಮಾತಾಡಿದ್ದೀನಿ, ಒಂದೂವರೆ ಪ್ಯಾರಾದಷ್ಟು. ಮುಖ್ಯವಾಗಿ ವಿಮರ್ಶೆಗೆ ಎತ್ತಿಕೊಂಡಿರೋದು ಡಿಸ್ಚಾರ್ಜ್ ದಿನ ನಮ್ಮ ಕೈಗೆ ಕೊಟ್ಟ ಒಂದು ಹಾಳೆಯನ್ನು. ಯಾವ ಆಸ್ಪತ್ರೆ ಅನ್ನೋದು ಬೇಡ, ಇಂಥ ಹಾಳೆಗಳೆಲ್ಲ ಒಂದೇ ಥರ ಇರ್ತವೆ. ನಾವು ಓದುವವರು, ಕಥೆ ಕವಿತೆ ಬಂದರೆ ಸಾಲು ಸಾಲು ಹಿಡಿದು ಜಗಳ ಆಡ್ತೀವಿ. ಒಬ್ಬ ಹೆಂಗಸು ಜೀವನಪೂರ್ತಿ ಪಾಲಿಸಬೇಕಾದ ಬರಹವನ್ನು ಮಾತ್ರ ಮಡಿಚಿ ಫೈಲಿಗೆ ಹಾಕ್ತೀವಿ.

ಹಾಳೆಯಲ್ಲಿ ಹನ್ನೆರಡು ಸಾಲು. ಹನ್ನೊಂದು 'ಬೇಡಿ' ಅಂತ ಮುಗಿಯುತ್ತವೆ. ಭಾರ ಎತ್ತಬೇಡಿ. ಆ ಕೈಗೆ ಬಿಪಿ ನೋಡಿಸಬೇಡಿ. ಸೂಜಿ ಚುಚ್ಚಿಸಬೇಡಿ. ಬಿಸಿಲಿಗೆ ಒಡ್ಡಬೇಡಿ. ಗಾಯ ಮಾಡಿಕೊಳ್ಳಬೇಡಿ. ಬಳೆ, ಉಂಗುರ, ವಾಚು ಧರಿಸಬೇಡಿ. ಹನ್ನೆರಡನೆಯ ಸಾಲು, ತೊಂದರೆ ಕಂಡುಬಂದಲ್ಲಿ ವೈದ್ಯರನ್ನು ಸಂಪರ್ಕಿಸತಕ್ಕದ್ದು. ಯಾವ ತೊಂದರೆ? ಹೇಗೆ ಕಂಡುಬರುತ್ತೆ? ಯಾಕೆ ಊದುತ್ತೆ? ಒಂದಕ್ಕೂ ಉತ್ತರ ಇಲ್ಲ. ಇಂಗ್ಲಿಷಿನಿಂದ ಯಾರೋ ಅವಸರದಲ್ಲಿ ಇಳಿಸಿದ ಕನ್ನಡ ಅಂತ ಓದಿದ ಕೂಡಲೇ ಗೊತ್ತಾಗುತ್ತೆ. ಅದು ಸಣ್ಣ ತಪ್ಪು, ಬಿಡಿ.

ದೊಡ್ಡ ತಪ್ಪು ಬೇರೆ. ಪ್ರತಿ ಬರಹದೊಳಗೂ ಒಬ್ಬ ಓದುಗ ಕೂತಿರ್ತಾನೆ ಅಂತಾರಲ್ಲ, ಈ ಹಾಳೆಯೊಳಗೆ ಕೂತಿರೋ ಓದುಗಿ ಯಾರು? ಅವಳ ಮನೆಯಲ್ಲಿ ವಾಷಿಂಗ್ ಮಷೀನ್ ಇದೆ. ನೀರು ನಲ್ಲಿಯಲ್ಲಿ ಬರುತ್ತೆ. ಭಾರ ಎತ್ತೋಕೆ ಬೇರೆಯವರಿದ್ದಾರೆ. ಬಿಸಿಲು ಅವಳಿಗೆ ಬೇಕಾದರೆ ಮಾತ್ರ ಸಿಗುವಂಥದ್ದು. ನಮ್ಮ ಚಿಕ್ಕಮ್ಮ ಮೊಳಕಾಲ್ಮೂರಿನ ಕಡೆಯವಳು. ರೇಷ್ಮೆ ಸೀರೆ ನೇಯುವ ಮನೆ. ಮಗ್ಗದಲ್ಲಿ ಚಿಕ್ಕಪ್ಪ, ಕಂಡಿಕೆ ಸುತ್ತೋದು ಚಿಕ್ಕಮ್ಮ. ಬಲಗೈ ರಾಟೆ ತಿರುಗಿಸುತ್ತೆ, ಎಡಗೈ ಎಳೆ ಹಿಡಿಯುತ್ತೆ. ಶೇಂಗಾ ಕೀಳುವ ಕಾಲಕ್ಕೆ ತವರಿನ ಹೊಲಕ್ಕೂ ಹೋಗ್ತಾಳೆ. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ಬಿಡಿಸದ ಹೆಣ್ಣುಕೈ ಹುಡುಕೋದು ಕಷ್ಟ. ಒಣಗಿದ ಮಣ್ಣಿಂದ ಗಿಡ ಕಿತ್ತು, ಕಾಯಿ ಬಿಡಿಸಿ, ಬೆರಳ ತುದಿ ಸೀಳಿರುತ್ತೆ. 'ಗಾಯ ಮಾಡಿಕೊಳ್ಳಬೇಡಿ' ಅಂತ ಆ ಕೈಗೆ ಹೇಳೋದು, ಬದುಕಬೇಡ ಅಂತ ಹೇಳಿದ ಹಾಗೇ ಕೇಳಿಸುತ್ತೆ.

ಹಾಳೆ ಹೇಳದೇ ಇದ್ದದ್ದನ್ನು ಇಲ್ಲಿ ಹೇಳಿಬಿಡ್ತೀನಿ. ಮೈಯಲ್ಲಿ ರಕ್ತ ಓಡಾಡುವ ಹಾಗೆ ದುಗ್ಧರಸ ಅಂತ ಒಂದು ದ್ರವವೂ ತನ್ನದೇ ಸಣ್ಣ ನಾಳಗಳಲ್ಲಿ ಓಡಾಡುತ್ತೆ. ಕೈಯಲ್ಲಿ ಸೋರಿದ ನೀರಂಶವನ್ನೆಲ್ಲ ಬಳಿದುಕೊಂಡು ಕಂಕುಳಿನ ಗಂಟುಗಳ ಮೂಲಕ ವಾಪಸು ರಕ್ತಕ್ಕೆ ಸೇರಿಸೋದು ಅದರ ಕೆಲಸ. ಕ್ಯಾನ್ಸರ್ ಅಲ್ಲಿಗೆ ಹಬ್ಬಿದೆ ಅಂತಾದರೆ ಆ ಗಂಟುಗಳನ್ನು ತೆಗೀಬೇಕಾಗುತ್ತೆ, ಮೇಲಿಂದ ರೇಡಿಯೇಷನ್ ಕೊಟ್ಟರೆ ಉಳಿದ ದಾರಿಯೂ ಇಕ್ಕಟ್ಟಾಗುತ್ತೆ. ಬರುವ ನೀರು ಬರುತ್ತಲೇ ಇರುತ್ತೆ, ಹೋಗುವ ದಾರಿ ಇಲ್ಲ. ಫಿಸಿಯೋಥೆರಪಿಸ್ಟ್ ಇದನ್ನು ಚಿತ್ರ ಬರೆದು ವಿವರಿಸಿದಾಗ ಚಿಕ್ಕಮ್ಮ, "ತೂಬು ಕಟ್ಟಿದ ಕೆರೆ ಅನ್ನಿ" ಅಂದಳು. ಅಷ್ಟೇ. ಇದೊಂದು ಮಾತು ಹಾಳೆಯಲ್ಲಿ ಇದ್ದಿದ್ದರೆ ಉಳಿದ ಹನ್ನೊಂದು 'ಬೇಡಿ'ಗಳು ತಾವಾಗೇ ಅರ್ಥವಾಗ್ತಿದ್ದವು.

ಇದು ಅಪರೂಪದ ಕಾಯಿಲೆಯೂ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2013ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಕಂಕುಳಿನ ಗಂಟುಗಳನ್ನು ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಊದುತ್ತೆ. ರಸ ಮೊದಲು ಬಂದು ಸೇರುವ ಒಂದೆರಡು ಗಂಟನ್ನಷ್ಟೇ ತೆಗೆದು ನೋಡುವ ಸೆಂಟಿನಲ್ ವಿಧಾನದಲ್ಲಾದರೆ ನೂರಕ್ಕೆ ಐದಾರು ಜನಕ್ಕೆ. ಬೇಗ ಪತ್ತೆಯಾದರೆ ಕೈ ಉಳಿಯುವ ಸಾಧ್ಯತೆ ಹೆಚ್ಚು ಅಂತ ಇದರರ್ಥ. ಅಕ್ಟೋಬರಿನಲ್ಲಿ ನಮ್ಮ ಆಫೀಸಿನ ತುಂಬ ಗುಲಾಬಿ ರಿಬ್ಬನ್ ಕಟ್ಟಿ, 'ಬೇಗ ಪತ್ತೆ ಮಾಡಿ, ಜೀವ ಉಳಿಸಿ' ಅಂತ ಬರೀತಾರಲ್ಲ, ಅಲ್ಲಿ ಕೈಯ ಸುದ್ದಿ ನಾನಂತೂ ನೋಡಿಲ್ಲ. ಜೀವ, ಸಾವು ಎರಡೇ ಆ ಪೋಸ್ಟರಿಗೆ ಗೊತ್ತು.

ಇನ್ನು 'ಭಾರ ಎತ್ತಬೇಡಿ'. ಅಮೆರಿಕದಲ್ಲಿ ಕೈ ಊದಿದ್ದ 141 ಹೆಂಗಸರನ್ನು ಸೇರಿಸಿಕೊಂಡು ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಬೇಡಿಯನ್ನು ಸಡಿಲಿಸಿತು. ತಿಳಿದವರ ನಿಗಾದಲ್ಲಿ, ಕೈಗೆ ಬಿಗಿಯಾದ ಕಂಪ್ರೆಷನ್ ತೋಳು ಹಾಕಿಕೊಂಡು, ಸ್ವಲ್ಪ ಸ್ವಲ್ಪವೇ ಭಾರ ಏರಿಸುತ್ತ ಹೋದವರಿಗೆ ಊತ ಹೆಚ್ಚಾಗಲಿಲ್ಲ. ಇದ್ದಕ್ಕಿದ್ದಂತೆ ಉಲ್ಬಣಿಸುವುದು ಕಡಿಮೆಯೇ ಆಯಿತು. ನಮ್ಮ ಹಾಳೆಗೆ ಆ ಸುದ್ದಿ ಮುಟ್ಟಿರಲಿಲ್ಲ. ಚಿಕ್ಕಮ್ಮ ಆರು ತಿಂಗಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಭುಜ ಬಿಗಿದುಕೊಂಡಿತು. ತಲೆ ಬಾಚಿಕೊಳ್ಳೋಕೂ ಆಗದ ಹಾಗಾಯಿತು.

ಸೆರಗಿನ ತುದಿಯಲ್ಲಿ ಕೈ ಮುಚ್ಚಿಕೊಳ್ಳೋದು ಶುರುವಾಗಿದ್ದು ಒಂದು ಸೀಮಂತದಲ್ಲಿ. ಬಲಗೈ ತುಂಬ ಬಳೆ, ಎಡಗೈ ಬೋಳು. ಅರಿಶಿನ ಕುಂಕುಮ ಕೊಡೋಕೆ ಬಂದವರು ಒಂದು ಕ್ಷಣ ಕೈ ನೋಡಿ, ಆಮೇಲೆ ಮುಖ ನೋಡಿದರು. ಯಾರೂ ಏನೂ ಅನ್ನಲಿಲ್ಲ. 'ಬಳೆ ಧರಿಸಬೇಡಿ' ಅಂತ ಬರೆದವರು ಯಾವ ಊರಲ್ಲಿ ಕೂತು ಬರೆದರೋ! ಏನು ಕೇಳ್ತಾ ಇದ್ದೀವಿ ಅನ್ನೋ ಅಂದಾಜಿದ್ದಿದ್ದರೆ ಜೊತೆಗೆ ಇನ್ನೊಂದು ಸಾಲು ಸೇರಿಸ್ತಿದ್ದರು. ಇದು ಔಷಧದ ಮಾತು, ಅಪಶಕುನದ್ದಲ್ಲ ಅಂತ. ಅಥವಾ ಮನೆಯವರನ್ನೂ ಕೂರಿಸಿಕೊಂಡು ಹೇಳ್ತಿದ್ದರು.

ಇಷ್ಟೆಲ್ಲ ಹಾಳೆಯ ತಪ್ಪು. ಈಗ ನನ್ನ ತಪ್ಪು.

ಚೆಕಪ್‌ಗೆ ಕರಕೊಂಡು ಬರ್ತಿದ್ದವಳು ನಾನು. ಚಿಕ್ಕಮ್ಮನಿಗೆ ಇಂಗ್ಲಿಷ್ ಬಾರದು, ಡಾಕ್ಟರಿಗೆ ಕನ್ನಡ ಅಷ್ಟಕ್ಕಷ್ಟೆ. ನಡುವೆ ನಾನು ದುಭಾಷಿ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಅಂತ ಕೇಳಿದರು. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಯಾವುದಕ್ಕೆ? ಉರಿಗಾ, ಜೋಮಿಗಾ, ಭಾರಕ್ಕಾ?" ಅಂದಳು. ಹೊರಗೆ ಟೋಕನ್ ಹಿಡಿದವರ ಸಾಲು, ನನಗೆ ಎರಡು ಗಂಟೆಗೆ ಮೀಟಿಂಗ್. "ಆರು ಅಂತ ಹೇಳಿಬಿಡು ಚಿಕ್ಕಮ್ಮ" ಅಂದೆ. ಅವಳು ಹೇಳೋಕೂ ಕಾಯಲಿಲ್ಲ, ನಾನೇ 'ಸಿಕ್ಸ್' ಅಂದೆ. ಸಾಮಾನ್ಯ ನೋವಿನ ಮಾತ್ರೆ ಬರೆದುಕೊಟ್ಟರು. ಕೆಲಸ ಮಾಡಲಿಲ್ಲ. ಮತ್ತೆ ಹೋದೆವು, ಮತ್ತೆ ಆರು, ಮತ್ತೆ ಅದೇ ಮಾತ್ರೆ. ಹೀಗೆ ಹತ್ತಿರ ಹತ್ತಿರ ಎಂಟು ತಿಂಗಳು.

ಆ ಎಂಟು ತಿಂಗಳೂ ಅವಳು ಮನೆಯಲ್ಲಿ ಸರಿಯಾಗಿಯೇ ಹೇಳ್ತಾ ಇದ್ದಳು. "ತೋಳಿನ ಒಳಗಡೆ ಮೆಣಸಿನಕಾಯಿ ಅರೆದು ಹಚ್ಚಿದಂಗೆ ಐತೆ." "ಸೆರಗು ತಾಗಿದ್ರೂ ಉರಿ, ಜೋರಾಗಿ ಒತ್ತಿದ್ರೆ ಏನೂ ಗೊತ್ತಾಗಕಿಲ್ಲ." "ಕೂತಂಗೇ ಕರೆಂಟು ಹೊಡ್ದಂಗೆ ಝಲ್ ಅಂತೈತೆ." "ಕಂಕುಳಿಂದ ಮೊಣಕೈ ತನಕ ಹುರಿ ಎಳೆದು ಕಟ್ಟಿದಂಗೆ." "ಬೆರಳ ತುದೀಲಿ ಇರುವೆ ಹರೀತಾವೆ, ಎಳೆ ಕಡಿದದ್ದು ಕೈಗೆ ತಿಳಿಯಲ್ದು, ಕಣ್ಣಾಗೆ ನೋಡಬೇಕು."

ಈಗ ಒಂದೊಂದನ್ನೇ ಬಿಡಿಸಿ ನೋಡಿ. ಎರಡನೇ ಪಕ್ಕೆಲುಬಿನ ಸಂದಿನಿಂದ ಹೊರಟು ಕಂಕುಳನ್ನು ದಾಟಿ ತೋಳಿನ ಒಳಮೈಗೆ ಹೋಗುವ ಸಣ್ಣ ನರ ಒಂದಿದೆ, ಇಂಟರ್ಕಾಸ್ಟೋಬ್ರೇಕಿಯಲ್ ಅಂತ. ಗಂಟುಗಳನ್ನು ತೆಗೆಯುವಾಗ ಅದು ಕತ್ತರಿಸಿ ಹೋಗಬಹುದು, ಇಲ್ಲಾ ಎಳೆದಾಡಿ ಪೆಟ್ಟಾಗಬಹುದು. ಮೆಣಸಿನಕಾಯಿ, ಕರೆಂಟು, ಸೆರಗು ತಾಗಿದರೆ ಉರಿ, ಒತ್ತಿದರೆ ಜಡ, ಇವೆಲ್ಲ ಆ ನರದ ಸಹಿ. ಆಪರೇಷನ್ ಆಗಿ ಗಾಯ ಮಾಯ್ದಮೇಲೂ ತಿಂಗಳುಗಟ್ಟಲೆ ಉಳಿಯುವ ಈ ನೋವಿಗೆ ವೈದ್ಯರಲ್ಲಿ ಬೇರೆಯೇ ಹೆಸರಿದೆ, ಬೇರೆಯೇ ಮದ್ದಿದೆ. ಗ್ಯಾಬಪೆಂಟಿನ್, ಡ್ಯುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್, ಇಂಥವು. ಪ್ಯಾರಾಸಿಟಮಾಲಿಗೆ ಬಗ್ಗುವ ನೋವಲ್ಲ ಅದು. 'ಹುರಿ ಎಳೆದು ಕಟ್ಟಿದಂಗೆ' ಅನ್ನೋದು ಉಪಮೆಯೂ ಅಲ್ಲ. ಕೈ ಎತ್ತಿದಾಗ ಚರ್ಮದ ಕೆಳಗೆ ನಿಜವಾಗಿಯೂ ಹುರಿಯಂಥದ್ದು ಎದ್ದು ಕಾಣುತ್ತೆ, ವ್ಯಾಯಾಮದಿಂದ ಸಡಿಲಿಸುವಂಥದ್ದು. ಬೆರಳ ತುದಿಯ ಇರುವೆ ಕೀಮೋಥೆರಪಿಯ ಕೊಡುಗೆ, ಪ್ಯಾಕ್ಲಿಟ್ಯಾಕ್ಸೆಲ್ ಥರದ ಔಷಧಗಳು ಕೈಕಾಲು ತುದಿಯ ನರಗಳನ್ನು ಬಾಧಿಸುತ್ತವೆ.

ಚಿಕ್ಕಮ್ಮ ಐದು ವಾಕ್ಯದಲ್ಲಿ ಮೂರು ಬೇರೆ ಬೇರೆ ತೊಂದರೆಗಳನ್ನು ಬೇರೆ ಬೇರೆಯಾಗಿಯೇ ಹೇಳಿದ್ದಳು. ನಾನು ಎಲ್ಲವನ್ನೂ ಕಲಸಿ ಒಂದು ಅಂಕಿ ಮಾಡಿ ಡಾಕ್ಟರ ಮುಂದಿಟ್ಟೆ.

ತಮಾಷೆ ಏನು ಗೊತ್ತಾ, ವೈದ್ಯಲೋಕಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ಪ್ರಶ್ನಾವಳಿಯಲ್ಲಿ ನೋವಿನ 78 ಪದಗಳಿವೆ, 20 ಗುಂಪುಗಳಲ್ಲಿ. ಎಷ್ಟು ಅನ್ನೋದಕ್ಕಿಂತ ಎಂಥದ್ದು ಅನ್ನೋದು ಮುಖ್ಯ ಅಂತ ಅವನು ಆಗಲೇ ಕಂಡುಕೊಂಡಿದ್ದ. ನಮಗೆ 78 ಬೇಕಾ? ಉರಿ, ಚಳಕು, ಸೆಳೆತ, ಕಡಿತ, ತಿವಿತ, ಜೋಮು, ಜುಮುಜುಮು, ಮರಗಟ್ಟೋದು, ಹಿಂಡೋದು, ಕೊರೆಯೋದು, ಸಿಡಿಯೋದು... ಅಜ್ಜಿಯರು ಅಡುಗೆಮನೆಯಲ್ಲಿ ಕೂತೇ ಹೇಳಿಬಿಡ್ತಾರೆ. ನಾವು, ಬೆಂಗಳೂರಿಗೆ ಬಂದು ಇಂಗ್ಲಿಷಿನಲ್ಲಿ ಸಂಬಳ ತಗೊಳ್ಳೋರು, ಆಸ್ಪತ್ರೆ ಬಾಗಿಲಲ್ಲಿ ಅದನ್ನೆಲ್ಲ ಚಪ್ಪಲಿ ಜೊತೆ ಬಿಟ್ಟು ಒಳಗೆ ಹೋಗ್ತೀವಿ. ಊರಿಂದ ಬಂದ ಅಪ್ಪ ಅಮ್ಮ ಅತ್ತೆ ಮಾವಂದಿರನ್ನು ಡಾಕ್ಟರ ಹತ್ರ ಕರಕೊಂಡು ಹೋಗೋ ಕೆಲಸ ನಿಮ್ಮಲ್ಲಿ ಎಷ್ಟೋ ಜನಕ್ಕೆ ಇರಬಹುದು. ನೀವು ಎಷ್ಟು 'ಸಿಕ್ಸ್' ಹೇಳಿದ್ದೀರಿ?

ಪುಸ್ತಕಗಳ ಮಾತಿಗೆ ಬರ್ತೀನಿ. ಸಿದ್ಧಾರ್ಥ ಮುಖರ್ಜಿಯ 'ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್' ಕ್ಯಾನ್ಸರಿನ ಜೀವನಚರಿತ್ರೆ ಅಂತಲೇ ಬಂದ ಪುಸ್ತಕ. ನನಗೆ ಇಷ್ಟ. ಆದರೆ ಯುದ್ಧದ ಕಥೆ ಆಗಿರೋದರಿಂದ ಊದಿದ ಕೈಗೆ ಸಿಗುವ ಜಾಗ ತೀರಾ ಕಡಿಮೆ. ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ತೆಗೆಯುವ ಪದ್ಧತಿಯನ್ನು ಹರಡಿದ ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ 1921ರಲ್ಲಿ ಈ ಊತದ ಬಗ್ಗೆಯೇ ಲೇಖನ ಬರೆದು ಅದಕ್ಕೆ 'ಸರ್ಜರಿಯ ಆನೆಕಾಲು' ಅನ್ನುವಂಥ ಹೆಸರಿಟ್ಟ. ನೂರು ವರ್ಷದ ಹಿಂದೆಯೇ ಹೆಸರು ಸಿಕ್ಕಿತ್ತು, ಕಥೆ ಸಿಕ್ಕಿರಲಿಲ್ಲ. ಫ್ಯಾನಿ ಬರ್ನಿ ಅನ್ನುವ ಇಂಗ್ಲಿಷ್ ಕಾದಂಬರಿಕಾರ್ತಿ 1811ರಲ್ಲಿ ಪ್ಯಾರಿಸ್ಸಿನಲ್ಲಿ, ಅರಿವಳಿಕೆಯೇ ಇಲ್ಲದ ಕಾಲದಲ್ಲಿ, ಸ್ತನ ತೆಗೆಸಿಕೊಂಡದ್ದನ್ನು ತನ್ನ ಅಕ್ಕನಿಗೆ ಪತ್ರದಲ್ಲಿ ಬರೆದಳು. ಓದೋಕೆ ಗಟ್ಟಿ ಎದೆ ಬೇಕು. ಆಮೇಲೆ ಅವಳು 28 ವರ್ಷ ಬದುಕಿದ್ದಳು. ಪತ್ರ ಮಾತ್ರ ಆಪರೇಷನ್ನಿನ ಆ ದಿನದ್ದು.

ಆಡ್ರಿ ಲಾರ್ಡ್ ಬೇರೆ. 'ದಿ ಕ್ಯಾನ್ಸರ್ ಜರ್ನಲ್ಸ್' 1980ರಲ್ಲಿ ಬಂತು. ನಕಲಿ ಸ್ತನ ಹಾಕಿಕೊಳ್ಳದೆ ಡಾಕ್ಟರ ಬಳಿಗೆ ಹೋದದ್ದಕ್ಕೆ, ಹೀಗೆ ಬಂದರೆ ಇಲ್ಲಿರೋ ಬೇರೆಯವರ ಮನಸ್ಸು ಕುಗ್ಗುತ್ತೆ ಅಂತ ಅಲ್ಲಿನ ನರ್ಸ್ ಅವಳಿಗೆ ಹೇಳಿದ್ದಳಂತೆ. ಅದನ್ನು ಓದಿದಾಗ ನನಗೆ ನೆನಪಾಗಿದ್ದು ಸೀಮಂತದ ಮನೆಯ ಬೋಳು ಕೈ. ಕನ್ನಡದಲ್ಲಿ ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ಇದೆ, ಸ್ತನ ಕ್ಯಾನ್ಸರಿನ ಅನುಭವವನ್ನು ಸಂಕೋಚ ಬಿಟ್ಟು ಬರೆದದ್ದು. ಅದನ್ನು ಓದಿದಮೇಲೆಯೇ ನಮ್ಮ ಮನೆಯ ಹೆಂಗಸರು 'ಎದೆ' ಅನ್ನೋ ಪದವನ್ನು ಗಟ್ಟಿಯಾಗಿ ಆಡಿದ್ದು. ನನಗೆ ಇನ್ನೂ ಬೇಕಾಗಿರೋದು ಹತ್ತನೇ ವರ್ಷದ, ಹದಿನೈದನೇ ವರ್ಷದ ಪುಸ್ತಕ. ಗೆದ್ದು ಬಂದಮೇಲಿನ ಮಂಗಳವಾರಗಳ ಪುಸ್ತಕ.

ಈ ಯೋಚನೆ ಸ್ಪಷ್ಟವಾಗಿದ್ದು ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ. ಟ್ರೀಟ್‌ಮೆಂಟ್ ಮುಗಿದರೆ ಬೆಟ್ಟ ಹತ್ತಿ ಬರ್ತೀನಿ ಅಂತ ಚಿಕ್ಕಮ್ಮನ ಹರಕೆ ಇತ್ತು. ಹೋದ ಚಳಿಗಾಲದಲ್ಲಿ ಹೋದೆವು. ಬೆಳಗ್ಗೆ ಏಳುವ ಮುಂಚೆಯೇ ಕೈಗೆ ಕಂಪ್ರೆಷನ್ ತೋಳು ಏರಿಸಬೇಕು, ಊತ ಆಗ ಕಡಿಮೆ ಇರುತ್ತೆ. ಚಳಿಗಾಲದಲ್ಲಿ ಪರವಾಗಿಲ್ಲ, ನಮ್ಮ ಸೀಮೆಯ ಏಪ್ರಿಲ್‌ನಲ್ಲಿ ಅದನ್ನು ಹಾಕಿಕೊಂಡಿರೋದು ಅಂದ್ರೆ ಕಂಬಳಿ ಸುತ್ತಿಕೊಂಡ ಹಾಗೆ. ಬಲಗೈ ನನ್ನ ಭುಜದ ಮೇಲಿಟ್ಟು ಒಂದೊಂದೇ ಮೆಟ್ಟಿಲು ಹತ್ತಿದಳು.

ಅಲ್ಲಿ ಅಶೋಕನ ಶಾಸನ ಇದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳ ಜೊತೆ ಇದನ್ನೂ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಪಾಠ ಶುರುವಾಗೋದೇ ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುವುದರಿಂದ, ಆಮೇಲೆ ಆಜ್ಞೆ. ಹುಷಾರಾಗಿದ್ದೀರಲ್ಲ, ಸರಿ, ಈಗ ಕೇಳಿ, ಅನ್ನೋ ಥರ. ಉತ್ತರಕ್ಕೆ ಕಾಯದ ಆ ಪ್ರಶ್ನೆ ಎರಡು ಸಾವಿರದ ಇನ್ನೂರು ವರ್ಷ ದಾಟಿ ನಮ್ಮ ಫೋನುಗಳಲ್ಲೂ ಹಾಗೇ ಇದೆ. ಜಟಿಂಗ ರಾಮೇಶ್ವರದ ಬಂಡೆಯಲ್ಲಿ ಅಕ್ಷರಗಳು ತುಂಬಾ ಸವೆದುಹೋಗಿವೆ. ಬಳೆಗಾರರ ಗುಂಡು ಅಂತ ಆ ಬಂಡೆಗೆ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಅಂಗಡಿ ಹೂಡುತ್ತಿದ್ದರಂತೆ. ಇದನ್ನು ಹೇಳಲೋ ಬೇಡವೋ ಅಂತ ನಾನು ಯೋಚಿಸ್ತಿದ್ದರೆ ಚಿಕ್ಕಮ್ಮನೇ ನಕ್ಕು, "ಇಲ್ಲಿಗೆ ಬಂದ್ರೂ ಬಳೆ ಬಿಡಲ್ದು ನೋಡು" ಅಂದಳು.

ಬೆಟ್ಟದ ಕಥೆ ನಿಮಗೆ ಗೊತ್ತಿರುತ್ತೆ. ಜಟಾಯು ರಾವಣನ ಜೊತೆ ಹೋರಾಡಿ, ರೆಕ್ಕೆ ಕತ್ತರಿಸಿಕೊಂಡು ಬಿದ್ದದ್ದು ಇಲ್ಲೇ ಅಂತ ಪ್ರತೀತಿ. ರಾಮ ಬಂದ, ಸುದ್ದಿ ಕೇಳಿದ, ಸಂಸ್ಕಾರ ಮಾಡಿದ, ಲಿಂಗ ಸ್ಥಾಪಿಸಿದ. ಹೋರಾಟ, ಬೀಳುವಿಕೆ, ಮುಕ್ತಿ, ಪೂಜೆ. ನಮ್ಮ ಕ್ಯಾನ್ಸರ್ ಸಿನಿಮಾಗಳ ಮಾದರಿ ಇದೇ. ಕತ್ತರಿಸಿದ ರೆಕ್ಕೆ ಇಟ್ಟುಕೊಂಡು ಮರುದಿನ ಬೆಳಗ್ಗೆ ಏಳುವ ಕಷ್ಟ ಜಟಾಯುವಿಗೆ ಬರಲಿಲ್ಲ.

ಅವನ ಅಣ್ಣನಿಗೆ ಬಂತು. ಸಂಪಾತಿ. ಹುಡುಗರಾಗಿದ್ದಾಗ ಇಬ್ಬರೂ ಸೂರ್ಯನ ಕಡೆ ಹಾರಿದರು. ತಮ್ಮ ಬೇಯುವುದನ್ನು ನೋಡಲಾರದೆ ಸಂಪಾತಿ ತನ್ನ ರೆಕ್ಕೆ ಅಡ್ಡ ಹಿಡಿದ. ಅವನ ರೆಕ್ಕೆ ಸುಟ್ಟುಹೋಯಿತು. ವಿಂಧ್ಯದ ಮೇಲೆ ಬಿದ್ದ, ಸಾಯಲಿಲ್ಲ. ಎಷ್ಟೋ ಕಾಲ ಅಲ್ಲೇ ತೆವಳಿಕೊಂಡು ಬದುಕಿದ. ಮಗ ಸುಪಾರ್ಶ್ವ ಊಟ ತಂದುಕೊಡಬೇಕು. ಒಂದು ದಿನ ಮಗ ತಡವಾಗಿ, ಬರಿಗೈಯಲ್ಲಿ ಬಂದಾಗ ಹಸಿವಿಗೆ ಸಿಟ್ಟು ಮಾಡಿಕೊಂಡು ಬೈದ. ವಾಲ್ಮೀಕಿ ಇದನ್ನೆಲ್ಲ ಬರೆದಿದ್ದಾನೆ, ದೊಡ್ಡವನು. ಇನ್ನೊಬ್ಬರ ಕೈ ಕಾಯುತ್ತ ಕೂತವರ ಸಿಟ್ಟು ಎಂಥದ್ದು ಅಂತ ಅವನಿಗೆ ಗೊತ್ತಿತ್ತು. ಆದರೆ ಅವನೂ ಕೊನೆಗೆ ತಡೆಯಲಿಲ್ಲ. ಸೀತೆ ಎಲ್ಲಿದ್ದಾಳೆ ಅಂತ ಕಪಿಗಳಿಗೆ ಹೇಳಿದ್ದೇ ತಡ, ಸಂಪಾತಿಗೆ ರೆಕ್ಕೆ ಚಿಗುರಿಸಿಬಿಟ್ಟ.

ಚಿಕ್ಕಮ್ಮನಿಗೆ ಈ ಕಥೆ ತೊಗಲುಗೊಂಬೆ ಆಟದಿಂದ ಗೊತ್ತು. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಬಂಡೆಗೆ ಆನಿಸಿ ಕೂತಿದ್ದಳು. "ರೆಕ್ಕೆ ಬಂದದ್ದು ಹೆಂಗಾರ ಇರ್ಲಿ ಕಣಮ್ಮ, ಆ ಮಗ ಸುಪಾರ್ಶ್ವಂದು ಯಾರಾರ ಕೇಳಿದ್ರಾ?" ಅಂದಳು. ಚಿಕ್ಕಪ್ಪನ ನೆನಪಾಗಿರಬೇಕು. ರಾತ್ರಿ ಬ್ಯಾಂಡೇಜು ಸುತ್ತೋದು ಅವರೇ. ಬೆರಳಿಂದ ಶುರು ಮಾಡಿ ಮೇಲಕ್ಕೆ, ಬೆರಳ ಕಡೆ ಬಿಗಿ, ಮೇಲೆ ಹೋದಂತೆ ಸಡಿಲ. ನೇಕಾರನ ಕೈ, ಬಿಗಿ ತಪ್ಪುವುದಿಲ್ಲ.

ಇದು ಚಿಗುರುವ ರೆಕ್ಕೆಯಲ್ಲ, ದಿನಾ ನೋಡಿಕೊಳ್ಳಬೇಕಾದ ಕೈ. ಕಾಸರಗೋಡಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಅಂತ ಒಂದು ಸಂಸ್ಥೆ ಇದೆ. ಹೆಚ್ಚಾಗಿ ಆನೆಕಾಲಿನವರಿಗೆ, ಆಧುನಿಕ ವೈದ್ಯದ ಜೊತೆ ಆಯುರ್ವೇದ, ಯೋಗ ಸೇರಿಸಿ ಊತಕ್ಕೆ ಚಿಕಿತ್ಸೆ ಕೊಡ್ತಾರೆ. ಅವರ ಕೆಲಸದಲ್ಲಿ ನನಗೆ ಮೆಚ್ಚುಗೆಯಾದದ್ದು, ತೊಳೆಯೋದು, ಒರೆಸೋದು, ಸುತ್ತೋದು ಇವನ್ನೆಲ್ಲ ರೋಗಿ ಮತ್ತು ಮನೆಯವರು ಮನೆಯಲ್ಲೇ ಮಾಡಿಕೊಳ್ಳೋ ಹಾಗೆ ಕಲಿಸೋದು. ಅದೂ ಒಂದು ಬರಹವೇ, 'ಬೇಡಿ'ಗಳ ಬದಲು 'ಹೀಗೆ ಮಾಡಿ' ಅನ್ನುವಂಥದ್ದು. ನಾನೇನಾದರೂ ಆ ಹಾಳೆ ತಿದ್ದುವುದಾದರೆ ಮೊದಲ ಸಾಲು ಹೀಗಿರುತ್ತೆ: ಕೈ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದು ಸೋಂಕು, ಬೆಳಗಾಗೋ ತನಕ ಕಾಯಬೇಡಿ, ಅವತ್ತೇ ಹತ್ತಿರದ ಡಾಕ್ಟರ ಹತ್ತಿರ ಹೋಗಿ. ಒಂದು 'ಬೇಡಿ' ಇರಲಿ.

ಬರುವ ತಿಂಗಳು ಮತ್ತೆ ಚೆಕಪ್ ಇದೆ. ಎಂಟು ತಿಂಗಳಾದಮೇಲೆ ಸಿಕ್ಕ ಬೇರೆ ಡಾಕ್ಟರು ನರದ ಮಾತ್ರೆ ಶುರು ಮಾಡಿದ್ದಾರೆ, ಉರಿ ಅರ್ಧಕ್ಕೆ ಇಳಿದಿದೆ, ನಿದ್ದೆ ಬರ್ತಿದೆ. ಜೋಮು ಹಾಗೇ ಇದೆ. ಈ ಸಲ ಅಂಕಿ ಬೇಡ ಅಂತ ಆ ಹಾಳೆಯ ಹಿಂಬದಿಯಲ್ಲೇ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ತಿದ್ದೀನಿ. ಮೊನ್ನೆ ಫೋನು ಮಾಡಿದವಳು, "ಇದೊಂದು ಬರಕೋ ತಾಯಿ. ರಾತ್ರಿ ಮಗ್ಗುಲು ಬದಲಿಸಿದ್ರೆ ಎದೆ ಇಲ್ಲದ ಕಡೆ ತುರಿಸ್ತೈತೆ. ಕೈ ಹಾಕಿದ್ರೆ ಅಲ್ಲೇನೂ ಇಲ್ಲ, ತುರಿಕೆ ಮಾತ್ರ ಐತೆ. ಇದಕ್ಕೇನಂತಾರೋ" ಅಂದಳು.

ಬರೆದುಕೊಂಡೆ. ಓದಿ ಹೇಳು ಅಂದಳು, ಓದಿ ಹೇಳಿದೆ.